ಆಣಿಪಟ್ಟಿ ಅಂಟಿಸಿಕೊಂಡ ಕೆನ್ನೆ

…ಎಡಗೆನ್ನೆಯೇ ಇರಬೇಕು. ಅಥವಾ ಬಲವೋ? ನನ್ನ ನೆನಪಿನಲ್ಲಿ ಮಾವನ ಆ ಗುಂಡನೆಯ ಕಲೆ ಎಡಕ್ಕಿದೆ, ಅಕ್ಕನ ಮದುವೆಯ ಫೋಟೋದಲ್ಲಿ ಬಲಕ್ಕಿದೆ. ತಿರುಗುಮುರುಗಾಗಿರುವುದು ಫೋಟೋವೋ, ನನ್ನ ತಲೆಯೋ! ಇರಲಿ. ಒಂದು ಮಾತಂತೂ ಖಂಡಿತ: ಸ್ಯಾಲಿಸಿಲಿಕ್ ಆಸಿಡ್ಡನ್ನು ನಮ್ಮ ಸೋದರಮಾವನಷ್ಟು ಭಕ್ತಿಯಿಂದ ನಂಬಿದವರು ಕಡೂರಿನಿಂದ ಅಜ್ಜಂಪುರದವರೆಗೆ ಇನ್ನೊಬ್ಬರಿಲ್ಲ.

ಮಾವನದು ಅಜ್ಜಂಪುರದಲ್ಲಿ ಈರುಳ್ಳಿ ವ್ಯಾಪಾರ. ದಿನವಿಡೀ ನಿಂತು ನಿಂತು ಅಂಗಾಲಿನಲ್ಲಿ ಆಣಿ ಎದ್ದಿತ್ತು. ಮೆಡಿಕಲ್ ಸ್ಟೋರಿನವರು ಆಣಿಪಟ್ಟಿ ಕೊಟ್ಟರು. ನಡುವೆ ಈ ಆಸಿಡ್ಡಿನ ಔಷಧಿಯ ಬಿಲ್ಲೆಯಿರುವ ಅಂಟುಪಟ್ಟಿ. ಕೆಲವು ದಿನಗಳಲ್ಲಿ ಆಣಿ ಬೆಳ್ಳಗೆ ಮೆತ್ತಗಾಗಿ ಬುಡಸಮೇತ ಕಳಚಿ ಬಂತು. ಬೇರೆಯವರಾಗಿದ್ದರೆ ಎಸೆಯುತ್ತಿದ್ದರು. ಮಾವ ಅದನ್ನು ಬೆಂಕಿಪೊಟ್ಟಣದಲ್ಲಿಟ್ಟು, ಬಂದ ನೆಂಟರಿಗೆಲ್ಲ ಕಾಫಿಯ ಜೊತೆ ತೋರಿಸತೊಡಗಿದರು! ಕಣ್ಣು ಮಂಜಾದ ಅಜ್ಜಿಯೊಬ್ಬರು ಅಡಿಕೆ ಚೂರೆಂದು ಬಾಯಿಗಿಡುವುದರಲ್ಲಿದ್ದರು. ಅತ್ತೆ ಹಾರಿ ಹೋಗಿ ಕೈ ಹಿಡಿಯದಿದ್ದರೆ... ಊಹಿಸುವುದು ಬೇಡ.

"ಚರ್ಮ ಅಂದ್ರೆ ಈರುಳ್ಳಿ ಕಣೇ," ಎಂದು ನನಗೆ ಪಾಠ. "ಮೇಲಿನ ಒಣಸಿಪ್ಪೆ ತಾನಾಗೇ ಉದುರ್ಬೇಕು. ಒಂದಕ್ಕೊಂದು ಅಂಟ್ಕೊಂಡು ಕೂತ್ರೆ ಆಣಿ. ರಂಧ್ರಕ್ಕೆ ಅಡ್ಡ ಕೂತ್ರೆ ಮೊಡವೆ. ಈ ಔಷಧಿ ಆ ಅಂಟನ್ನೇ ಸಡಿಲ ಮಾಡುತ್ತೆ. ಎಣ್ಣೇಲೂ ಕರಗುತ್ತೆ, ಅದಕ್ಕೇ ಜಿಡ್ಡಿನ ರಂಧ್ರದೊಳಕ್ಕೂ ಇಳಿಯುತ್ತೆ."

ಪಾಠ ಮನೆಗೆ ಸೀಮಿತವಾಗಿದ್ದರೆ ಚೆನ್ನಾಗಿತ್ತು. ಕಡೂರು ಬಸ್ಸಿನಲ್ಲಿ ಮುಂದೆ ಕೂತವರ ತಲೆಯ ಮೇಲೆ ಬಿಳಿ ಪುಡಿ ಕಂಡು ಮಾವ ಹೆಗಲು ತಟ್ಟಿದರು. "ತಲೆಹೊಟ್ಟಿಗೂ ಇದೇ ಔಷಧಿ ಕಣ್ರೀ. ಇದಿರೋ ಶಾಂಪೂನೂ ಸಿಗುತ್ತೆ."

ಆತ ತಿರುಗಿ ನೋಡಿದ. "ಯಜಮಾನ್ರೇ, ಅದು ಜೋಳದ ಹಿಟ್ಟು. ನಂದು ಹಿಟ್ಟಿನ ಮಿಲ್ಲು!"

ಮಾವನಿಗೆ ನಾಚಿಕೆಯೇ? "ಹಂಗಾದ್ರೆ ಕಾಲು ತೋರ್ಸಿ," ಎಂದರು.

ನನ್ನ ಸರದಿ ಬಂದದ್ದು ಕಡೂರಿನ ಕಾಲೇಜಿಗೆ ಸೇರಿದ ವರ್ಷ. ತರೀಕೆರೆಯ ನಮ್ಮ ಮನೆಯ ಕನ್ನಡಿಯಲ್ಲಿ ನನ್ನ ಮುಖ ಎನ್ನುವುದೇ ಇರಲಿಲ್ಲ, ಬರೀ ಮೊಡವೆ. ಈ ಮುಖ ಹೊತ್ತು ಕಾಲೇಜಿಗೆ ಹೋಗುವುದಿಲ್ಲವೆಂದು ಕೋಣೆ ಸೇರಿಬಿಟ್ಟೆ. ಓದು ಅಲ್ಲಿಗೇ ನಿಲ್ಲುವ ಹಾಗಿತ್ತು. ಅಮ್ಮ ತನ್ನ ತಮ್ಮನಿಗೆ ಫೋನು ಮಾಡಿದಳು. ಮಾವ ಅದೇ ಔಷಧಿಯ ಒಂದು ಸಣ್ಣ ಬಾಟಲಿ, ಒಂದು ಆಣಿಪಟ್ಟಿ ಎರಡನ್ನೂ ಹಿಡಿದು ಬಂದರು.

"ಬಾಟ್ಲೀಲಿ ಎರಡು ಪರ್ಸೆಂಟಂತೆ, ಪಟ್ಟೀಲಿ ನಲವತ್ತಂತೆ. ಎರಡಕ್ಕೆ ತಿಂಗಳುಗಟ್ಲೆ ಬೇಕಾದ್ರೆ ನಲವತ್ತಕ್ಕೆ ಒಂದಿನ ಸಾಕಲ್ವೇನಕ್ಕಾ?"

"ಹಂಗಾದ್ರೆ ಪಟ್ಟೀನೇ ಅಂಟ್ಸೋ," ಎಂದಳು ಅಮ್ಮ.

ನಾನು ಕೆನ್ನೆಯೊಡ್ಡಿ ಕೂತೆ. ಮಾವ ಪಟ್ಟಿ ಬಿಚ್ಚಿದರು. ನನ್ನ ಮುಖವನ್ನೇ ನೋಡಿದರು. ಮತ್ತೆ ಮಡಚಿ ಜೇಬಿಗಿಟ್ಟರು.

"ನಾಳೆ ಅಂಟ್ಸೋಣ ಬಿಡು."

ಮರುದಿನ ಬಂದಾಗ ಅವರದೇ ಕೆನ್ನೆಯಲ್ಲಿ ಬಿಲ್ಲೆಯಷ್ಟಗಲ ಚರ್ಮ ಬೆಂದು ಕೆಂಪಾಗಿತ್ತು.

"ಏನ್ ಮಾವ ಇದು?"

"ಸೊಳ್ಳೆ."

"ಇಷ್ಟು ಗುಂಡಗೆ ಕಚ್ಚೋ ಸೊಳ್ಳೆ ಎಲ್ಲಿದೆ?"

"ಅಜ್ಜಂಪುರದಲ್ಲಿದೆ! ತಗೋ, ಈ ಬಾಟ್ಲೀದೇ ಹಚ್ಕೋ. ಸ್ವಲ್ಪ ಸ್ವಲ್ಪ. ನಿಧಾನಕ್ಕೆ ಆಗ್ಲಿ, ಅವಸರ ಏನಿದೆ?"

ಅವಸರವಿಲ್ಲವಂತೆ! ಆ ಮಾತು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನಿಧಾನಕ್ಕೇ ಆಯಿತು. ಮೊಡವೆ ಇಳಿಯುವ ಮೊದಲೇ ಕಾಲೇಜಿಗೆ ಹೊರಟೆ. ಆ ಕಲೆ ಹೊತ್ತು ಮಾವ ಸಂತೆಯೆಲ್ಲ ಓಡಾಡುವಾಗ ನಾನೇನು ಮುಖ ಮುಚ್ಚಿಕೊಳ್ಳುವುದು?

ಮೊನ್ನೆ ಅತ್ತೆ ಹೇಳಿದರು: "ನಿಮ್ಮಾವಂಗೆ ಮುಖದಲ್ಲಿ ಒಂದು ಮೊಡವೇನೂ ಇರ್ಲಿಲ್ಲ ಕಣೇ. ಆ ರಾತ್ರಿ ಪಟ್ಟಿ ಅಂಟಿಸ್ಕೊಂಡು ಉರಿ ಉರಿ ಅಂತ ಒದ್ದಾಡ್ತಿದ್ರು. ಕಿತ್ತಾಕ್ರೀ ಅಂದೆ. ಇರ್ಲಿ ಬಿಡೇ, ಬೆಳಗಾಗ್ಲಿ ಅಂದ್ರು."

ಮಾವನನ್ನೇ ಕೇಳಿದೆ. ಈ ಸಲ ಈರುಳ್ಳಿ ಬೇಗ ಕೊಳೆಯುತ್ತಿದೆ ಎಂದರು.

ಕಲೆ ಈಗ ಅಳಿಸಿಹೋಗಿದೆ, ಎರಡೂ ಕೆನ್ನೆ ಒಂದೇ ಥರ. ಎಡವೋ ಬಲವೋ, ಇನ್ನು ತಿಳಿಯುವ ದಾರಿಯಿಲ್ಲ. ಪಟ್ಟಿ ಮುಖಕ್ಕಲ್ಲ ಎಂಬ ಉತ್ತರ ಉರಿ ಶುರುವಾದಾಗಲೇ ಸಿಕ್ಕಿತ್ತಲ್ಲ. ಆಮೇಲೂ ಬೆಳಗಿನವರೆಗೆ ಯಾಕೆ ಹಾಗೇ ಬಿಟ್ಟುಕೊಂಡರು? ನನಗೆ ಗೊತ್ತಿಲ್ಲ.