ಮೂಳಪ್ಪನ ಬೆನ್ನು ಹತ್ತಿದ ನನ್ನ ಹೆಂಡತಿ

ಹೆದರುವವನನ್ನೇ ಹುಡುಕಿಕೊಂಡು ಬಂದು ಹೆದರಿಸುವ ಸಂಗತಿಗಳು ಈ ಲೋಕದಲ್ಲಿ ಬೇಕಾದಷ್ಟಿವೆ. ಧೈರ್ಯವಂತರ ಮನೆ ವಿಳಾಸ ಮಾತ್ರ ಅವಕ್ಕೆ ಯಾವತ್ತೂ ಸಿಗುವುದಿಲ್ಲ. ನನ್ನದು ಕಡೂರಿನಲ್ಲಿ ಪಾತ್ರೆ ಅಂಗಡಿ. ತಟ್ಟೆ, ಲೋಟ ಬೀಳುವ ಸದ್ದಿನ ನಡುವೆಯೇ ತಲೆ ನರೆತಿದ್ದರೂ ಇವತ್ತಿಗೂ ಒಂದು ಚಮಚ ಬಿದ್ದರೆ ಬೆಚ್ಚಿಬೀಳುತ್ತೇನೆ. ಹಲ್ಲಿ, ನಾಯಿ, ಗುಡುಗು, ತೆರಿಗೆ ಇಲಾಖೆಯವರ ಜೀಪು, ಎಲ್ಲಕ್ಕೂ ಹೆದರುತ್ತೇನೆ. ಎಲ್ಲಕ್ಕಿಂತ ಹೆಚ್ಚಾಗಿ ಹೆದರುವುದು ಸೂಜಿಗೆ.

ಹೀಗಿರುವಾಗ ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ದಿನಾ ನಡೆಯಿರಿ, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ, ಆಗಲೂ ಇಳಿಯದಿದ್ದರೆ ಇನ್ಸುಲಿನ್ ಶುರು ಮಾಡಲೇಬೇಕು ಎಂದರು. ಅವಳ ಮುಖ ಸಣ್ಣದಾಯಿತು. ಸಮಾಧಾನ ಹೇಳುವವರ ಹಾಗೆ ಅವರು ನನ್ನ ಕಡೆ ತಿರುಗಿ, "ನೀವಿದ್ದೀರಲ್ಲ, ದಿನಾ ಬೆಳಿಗ್ಗೆ ಮನೇಲಿ ನೀವೇ ಚುಚ್ಚಬಹುದು" ಎಂದರು. ನನ್ನ ಕೈಯಲ್ಲಿದ್ದ ಚೀಟಿ ಪಟಪಟ ಅಲ್ಲಾಡುವುದನ್ನು ಕಂಡು ಅವರು ಎದ್ದು ಫ್ಯಾನ್ ಆರಿಸಿದರು.

ಮೂಳಪ್ಪ ಬಂದದ್ದು

ನನ್ನ ಹೆಂಡತಿ ನಡೆಯುವ ಪೈಕಿ ಅಲ್ಲ. ಎದುರು ಬೀದಿಯಲ್ಲಿ ಕೊತ್ತಂಬರಿ ತರುವುದಕ್ಕೂ ಸ್ಕೂಟರ್ ತೆಗೆಯಿರಿ ಅನ್ನುವವಳು. ಶಿವಮೊಗ್ಗದಲ್ಲಿ ಓದುತ್ತಿರುವ ಮಗಳು ರಜೆಗೆ ಬಂದಾಗ ಇದಕ್ಕೊಂದು ಉಪಾಯ ಮಾಡಿ, ಅವಳ ಫೋನಿಗೆ ಒಂದು ಆಟ ಹಾಕಿಕೊಟ್ಟಳು. ಕೂತಲ್ಲಿ ಆಡುವ ಆಟವಲ್ಲ. ಊರೂರು ನಡೆದಷ್ಟೂ ಬಗೆಬಗೆಯ ವಿಚಿತ್ರ ಪ್ರಾಣಿಗಳು ಸಿಗುತ್ತವೆ. ಕ್ಯಾಮೆರಾ ಹಿಡಿದರೆ ನಿಜವಾಗಿಯೂ ನಮ್ಮ ಮುಂದೆಯೇ ನಿಂತ ಹಾಗೆ ಕಾಣುತ್ತವೆ. ಪರದೆಯ ಮೇಲೆ ಬೆರಳಾಡಿಸಿ ಬಲೆ ಬೀಸಿ ಹಿಡಿಯಬೇಕು.

ಅವುಗಳಲ್ಲೊಂದು ಮೊಣಕಾಲೆತ್ತರದ್ದು. ಕಪ್ಪೆಯ ಬಾಯಿ, ಮೈತುಂಬ ಮುಳ್ಳುಗೂದಲು, ಹೆಗಲ ಮೇಲೆ ತೊಡೆಯ ಮೂಳೆಯೊಂದನ್ನು ದೊಣ್ಣೆಯ ಹಾಗೆ ಇಟ್ಟುಕೊಂಡಿರುತ್ತದೆ. ಬಲೆ ಬೀಸಿದರೆ ಮೂಳೆಯಿಂದ ಒಂದು ಬಾರಿಸಿ, ಬಲೆ ಹರಿದು ಮಾಯವಾಗುತ್ತದೆ. ಅದರ ಇಂಗ್ಲಿಷ್ ಹೆಸರು ನಮ್ಮಿಬ್ಬರ ನಾಲಿಗೆಗೂ ಹೊರಳಲಿಲ್ಲ. ಹೆಂಡತಿ ಮೂಳಪ್ಪ ಎಂದು ಹೆಸರಿಟ್ಟಳು. ಉಳಿದವೆಲ್ಲ ಒಂದೊಂದಾಗಿ ಸಿಕ್ಕವು, ಮೂಳಪ್ಪ ಮಾತ್ರ ಸಿಗಲಿಲ್ಲ. ಅವಳಿಗೆ ಹಟ ಹತ್ತಿತು.

ಮೊದಲ ಸಲ ಅವನು ಕಾಣಿಸಿಕೊಂಡದ್ದು ನಮ್ಮ ದೇವರ ಮನೆಯಲ್ಲೇ. ನಮ್ಮಮ್ಮ ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದರು. ಸೊಸೆ ಬಾಗಿಲಲ್ಲಿ ಫೋನ್ ಹಿಡಿದು ನಿಂತದ್ದನ್ನು ಕಂಡು, ಮೊಮ್ಮಗಳಿಗೆ ಕಳಿಸಲು ತಮ್ಮ ಫೋಟೋ ತೆಗೆಯುತ್ತಿದ್ದಾಳೆ ಅಂದುಕೊಂಡು ಪೂಜೆ ಮುಗಿಸಿ ನೋಡಲು ಎದ್ದು ಬಂದರು. ಫೋನಿನಲ್ಲಿ ಅವರು ಕೂತಿದ್ದ ಮಣೆಯ ಪಕ್ಕದಲ್ಲೇ ಮೂಳಪ್ಪ ಮೂಳೆ ಹೊತ್ತು ನಿಂತಿದ್ದ.

ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಪದವನ್ನೂ ಮೆಲ್ಲಗೆ ಆಡಬೇಕು. ಅಮ್ಮ ಅಲ್ಲೇ ಗೋಡೆ ಹಿಡಿದುಕೊಂಡರು. ಅದು ಬರೀ ಫೋನಿನ ಒಳಗಿರುವುದು, ಮನೆಯಲ್ಲಿ ಏನೂ ಇಲ್ಲ ಎಂದು ನಾನು ತಿಳಿಸಿ ಹೇಳಿದೆ.

"ಆ ಫೋನು ಎಲ್ಲೈತೆ ಹೇಳು. ನಮ್ಮನೇಲಿ ತಾನೇ?" ಎಂದರು ಅಮ್ಮ.

ಸುಳ್ಳೇಕೆ ಹೇಳಲಿ, ಆ ಮಣೆಯ ಪಕ್ಕ ಕಾಲಿಡಲು ನನಗೂ ಧೈರ್ಯ ಬರಲಿಲ್ಲ. ಮನೆ ಶುದ್ಧಿ ಆಗುವವರೆಗೆ ಒಲೆ ಹಚ್ಚುವುದಿಲ್ಲ ಎಂದು ಅಮ್ಮ ಪಟ್ಟು ಹಿಡಿದಾಗ ನಾನೇ ಹೋಗಿ ಮಠದ ಅಯ್ಯನವರನ್ನು ಸ್ಕೂಟರಿನಲ್ಲಿ ಕರೆದುಕೊಂಡು ಬಂದೆ. ಅವರು ಹಿರಿಯರು, ನಿಧಾನಸ್ಥರು. ಇಡೀ ಮನೆಗೆ ತೀರ್ಥ ಚಿಮುಕಿಸಿ, ವಿಭೂತಿ ಹಾಕಿ, ಇಂಥವಕ್ಕೆಲ್ಲ ಶಿವಭಕ್ತರು ಅಂಜಬಾರದು ಎಂದು ನಮಗೆ ಬುದ್ಧಿ ಹೇಳಿ ಕುರ್ಚಿಯ ಮೇಲೆ ಕೂತರು. ಆಮೇಲೆ, ಅದು ಹೇಗಿದೆ ತೋರಿಸಿ ನೋಡೋಣ ಎಂದರು. ಹೆಂಡತಿ ಫೋನ್ ಹಿಡಿದಳು. ಮೂಳಪ್ಪ ಅವರ ಪಾದದ ಹತ್ತಿರವೇ ನಿಂತಿದ್ದ. ಅಯ್ಯನವರು ಎರಡು ಕಾಲನ್ನೂ ಎತ್ತಿ ಕುರ್ಚಿಯ ಮೇಲಿಟ್ಟುಕೊಂಡು, ಬಹಳ ಮೆತ್ತಗೆ ಕೇಳಿದರು:

"ತಾಯಿ, ಇದು ನಮ್ಮ ಮಠಕ್ಕೂ ಬತ್ತದಾ?"

ಎಮ್ಮೆದೊಡ್ಡಿ ಕಾವಲಿನಲ್ಲಿ

ಅಂದಿನಿಂದ ಮನೆಯೊಳಗೆ ಆಟ ಆಡುವುದಕ್ಕೆ ಅಮ್ಮನ ನಿಷೇಧ. ಹೆಂಡತಿಗೆ ಅದೇ ಬೇಕಾಗಿತ್ತು. ದಿನಾ ಸಂಜೆ ನಾಲ್ಕಕ್ಕೆ ಚಪ್ಪಲಿ ಮೆಟ್ಟಿ ಅಂಗಡಿಯ ಮುಂದೆ ಬಂದು ನಿಲ್ಲುತ್ತಿದ್ದಳು. ನಾನು ಸ್ಕೂಟರಿನಲ್ಲಿ ಊರಾಚೆ ಕರೆದುಕೊಂಡು ಹೋಗಿ ಬಿಡಬೇಕು, ಅವಳು ನಡೆಯಬೇಕು. ನಾನು ಸ್ಕೂಟರಿನ ಮೇಲೆಯೇ ಕೂತು ಕಾಯುತ್ತಿದ್ದೆ. ಹೆದರಿಕೆಯಾದರೆ ನನಗೆ ಬಾಯಾಡಿಸಲು ಏನಾದರೂ ಬೇಕು. ಮಂಡಕ್ಕಿ, ಬೆಂಡು ಬತ್ತಾಸು, ಬಾಳೆಹಣ್ಣು, ಏನಾದರೊಂದು ಪೊಟ್ಟಣ ಜೊತೆಗಿರುತ್ತಿತ್ತು.

ಬಯಲು ಜಾಗದಲ್ಲಿ ಮೂಳಪ್ಪ ಹೆಚ್ಚು ಎಂದು ಮಗಳು ಫೋನಿನಲ್ಲಿ ಹೇಳಿದ ಮೇಲೆ ಒಂದು ಭಾನುವಾರ ಎಮ್ಮೆದೊಡ್ಡಿ ಕಡೆ ಹೊರಟೆವು. ಅಲ್ಲಿ ಅಮೃತಮಹಲ್ ದನಗಳು ಮೇಯುವ ಕಾವಲು, ಬರೀ ಹುಲ್ಲುಬಯಲು. ಆ ದನಗಳನ್ನು ಕಂಡವರಿಗೆ ಗೊತ್ತು, ಅವು ನಮ್ಮ ಕೊಟ್ಟಿಗೆಯ ಸಾಧು ಹಸುಗಳಲ್ಲ. ಹಿಂದಕ್ಕೆ ಬಾಗಿದ ಚೂಪು ಕೊಂಬು, ಅಪರಿಚಿತರನ್ನು ಕಂಡರೆ ಮೇಯುವುದನ್ನು ಬಿಟ್ಟು ತಲೆ ಎತ್ತಿ ನೋಡುವ ಅಭ್ಯಾಸ. ದನ ಕಾಯುವ ಮುದುಕರೊಬ್ಬರು ನಮ್ಮನ್ನು ರಸ್ತೆ ಬದಿಯಲ್ಲೇ ನಿಲ್ಲಿಸಿ, ಕಾವಲಿನ ಒಳಗೆ ಇಳಿಯಬೇಡಿ, ದನ ಹತ್ತಿರ ಬಂದರೂ ಓಡಬೇಡಿ, ಸುಮ್ಮನೆ ನಿಲ್ಲಿ ಎಂದು ಹೇಳಿ ಹೋದರು. ಹೆಂಡತಿ ತಲೆಯಾಡಿಸಿ, ಫೋನಿನಲ್ಲೇ ಕಣ್ಣು ನೆಟ್ಟು ರಸ್ತೆಯಂಚಿನಲ್ಲಿ ನಡೆಯುತ್ತ ಹೋದಳು.

ಒಂದು ಬೀಜದ ಹೋರಿ ಅವಳನ್ನು ದಾಟಿಕೊಂಡು ನನ್ನ ಕಡೆಗೇ ಬಂತು. ಅವಳು ಅದನ್ನು ನೋಡಲೇ ಇಲ್ಲ, ಅದೂ ಅವಳನ್ನು ಗಮನಿಸಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ನನ್ನ ತೊಡೆಯ ಮೇಲಿದ್ದ ಬಾಳೆಹಣ್ಣಿನ ಚೀಲ ಇರಬೇಕು. ಸುಮ್ಮನೆ ನಿಲ್ಲಬೇಕೆಂದು ನನಗೆ ಚೆನ್ನಾಗಿ ನೆನಪಿತ್ತು, ಆದರೆ ನನ್ನ ಕಾಲಿಗೆ ನೆನಪಿರಲಿಲ್ಲ. ಮರುಗಳಿಗೆಯಲ್ಲಿ ನಾನು ಪಕ್ಕದ ಜಾಲಿ ಮರದ ಮೇಲಿದ್ದೆ. ಜಾಲಿಗೆ ಮುಳ್ಳಿದೆ ಎಂಬುದು ಹತ್ತುವಾಗ ಗೊತ್ತಾಗಲಿಲ್ಲ. ಹೋರಿ ಸ್ಕೂಟರನ್ನು ಮೂಸಿ ನೋಡಿ, ಹಣ್ಣು ತಿಂದು, ಬಂದ ದಾರಿಯಲ್ಲೇ ಹೋಯಿತು. ಇಳಿಯುವ ದಾರಿ ಕಾಣದೆ ನಾನು ಒಂದು ಒಣ ಕೊಂಬೆಯನ್ನು ತಬ್ಬಿ ಕೂತೆ.

ಅಷ್ಟರಲ್ಲಿ ಆ ಮುದುಕರು ಬಂದು, ಏನಮ್ಮಾ ಆಗಿನಿಂದ ಹುಡುಕುತ್ತಿದ್ದೀಯಲ್ಲ, ಏನದು ಎಂದು ಹೆಂಡತಿಯನ್ನು ಕೇಳಿದರು. ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು. ಒಂದು ಪ್ರಾಣಿ, ಗಿಡ್ಡಕ್ಕಿದೆ, ಕೈಯಲ್ಲಿ ಮೂಳೆ ಹಿಡಿದಿರುತ್ತದೆ, ಕಣ್ಣು ಮಿಟಮಿಟ ಬಿಡುತ್ತದೆ. ಮುದುಕರು ಸುತ್ತ ಕಣ್ಣಾಡಿಸಿದರು.

"ಅಗೋ, ಆ ಜಾಲಿ ಮರದ ಮೇಲೆ ಒಂದು ಕುಂತೈತೆ ನೋಡವ್ವ, ಅದೇನಾ?"

ಹಿರೇನಲ್ಲೂರಿನ ಕಲ್ಲು

ಮುಳ್ಳು ಕೀಳಿಸಿಕೊಂಡದ್ದಕ್ಕೇ ನಾನು ಅತ್ತಿದ್ದೆ. ಇನ್ನು ದಿನಾ ಸೂಜಿ ಹಿಡಿಯುವುದೆಂದರೆ? ಅವಳ ಸಕ್ಕರೆ ಇಳಿಯಲೇಬೇಕಿತ್ತು. ಹಾಗಾಗಿ ಮುಂದಿನ ವಾರ ಹಿರೇನಲ್ಲೂರಿನ ಕಡೆ ಕರೆದುಕೊಂಡು ಹೋದೆ. ಅಲ್ಲಿ ತೆಂಗಿನ ತೋಟಗಳ ನಡುವೆ ಮೂಳಪ್ಪನ ಸುಳಿವು ಸಿಕ್ಕಿತು. ಹೆಂಡತಿ ಫೋನನ್ನು ಎದೆಯ ಮಟ್ಟಕ್ಕೆ ಹಿಡಿದು ಎರಡು ತೋಟಗಳ ನಡುವಿನ ಬದುವಿನ ಮೇಲೆ ನಾಲ್ಕು ಹೆಜ್ಜೆ ಮುಂದೆ ಹೋಗುವುದು, ನಿಲ್ಲುವುದು, ಎರಡು ಹೆಜ್ಜೆ ಹಿಂದೆ ಬರುವುದು ಮಾಡುತ್ತಿದ್ದಳು.

ತೋಟದ ಯಜಮಾನ ಪಂಚೆ ಎತ್ತಿಕಟ್ಟಿಕೊಂಡು ಓಡಿಬಂದ. ಕೈಯಲ್ಲಿ ಮಚ್ಚು ಇತ್ತು. ಎಳನೀರು ಕೆತ್ತುತ್ತಿದ್ದವನು ಹಾಗೇ ಬಂದಿದ್ದನಂತೆ, ಅದು ನನಗೆ ಆಮೇಲೆ ತಿಳಿದದ್ದು. ನಾನು ಸ್ಕೂಟರ್ ಸ್ಟಾರ್ಟ್ ಮಾಡಿ ಇಟ್ಟುಕೊಂಡೆ. ಅವನು ಮಾತ್ರ ನನಗಿಂತ ಹೆಚ್ಚು ನಡುಗುತ್ತಿದ್ದ. ತಾಲ್ಲೂಕು ಆಫೀಸಿನಿಂದ ಬಂದಿರಾ, ಅಳತೆಯವರಾ ಎಂದು ಕೇಳಿದ. ಹೆಂಡತಿ ಫೋನಿನಿಂದ ಕಣ್ಣು ತೆಗೆಯದೆ ಹೇಳಿದಳು:

"ಇಲ್ಲೇ ಒಂದು ಇರ್ಬೇಕಪ್ಪಾ. ಫೋನಲ್ಲಿ ತೋರಿಸ್ತಾ ಇದೆ, ಕಣ್ಣಿಗೆ ಸಿಗ್ತಿಲ್ಲ."

ಅವನ ಮುಖ ಬಿಳಿಚಿಕೊಂಡಿತು. ಮಳೆಗೆ ಕಲ್ಲು ಜರುಗಿರಬೇಕಮ್ಮಾ ಎಂದು ತೊದಲಿ, ನಮ್ಮನ್ನು ನೆರಳಿಗೆ ಕರೆದು, ಎರಡು ಎಳನೀರು ಕೊಟ್ಟು ಮನೆಯ ಹಿಂದಕ್ಕೆ ಓಡಿದ. ವಾಪಸು ಬರುವಾಗ ಬಟ್ಟೆ ಒಗೆಯುವ ಕಲ್ಲೊಂದನ್ನು ತಲೆಯ ಮೇಲೆ ಹೊತ್ತು ತಂದ. ಅದು ಬಟ್ಟೆ ಒಗೆಯುವ ಕಲ್ಲಾದದ್ದು ಆಮೇಲೆ, ಮೊದಲು ಅದು ಸರ್ಕಾರದವರು ಗಡಿಗೆ ನೆಟ್ಟಿದ್ದ ಬಾಂದು ಕಲ್ಲು. ಬದುವಿನಿಂದ ತನ್ನ ತೋಟದ ಒಳಕ್ಕೆ ಮೂರು ಮಾರು ಸರಿದು ಗುಂಡಿ ತೋಡಿ ನೆಟ್ಟು, ಈಗ ಸರಿಯಾಯಿತಾ ನೋಡಿ ಎಂದ. ಹೆಂಡತಿ ಗಾಬರಿಯಿಂದ ನನ್ನ ಮುಖ ನೋಡಿದಳು. ನಾನು ಮಚ್ಚನ್ನು ನೋಡಿ, ಸರಿಯಾಗಿದೆ ಎಂದೆ.

ನಾವು ಹೊರಡಬೇಕು ಅನ್ನುವಷ್ಟರಲ್ಲಿ ಬದುವಿನ ಆಚೆ ಕಡೆಯ ತೋಟದವನು ಬೆವರು ಸುರಿಸುತ್ತ ಬಂದ. ಅವನ ಹೆಗಲ ಮೇಲೂ ಒಂದು ಕಲ್ಲಿತ್ತು.

"ಅಕ್ಕಾ, ವಸಿ ನಿಂತ್ಕಳಿ. ನಮ್ದೂ ಒಂದೈತೆ."

ಅಜ್ಜಂಪುರದ ಮದುವೆ

ಇದು ಸಣ್ಣದು. ಅಜ್ಜಂಪುರದಲ್ಲಿ ನಮ್ಮ ನೆಂಟರ ಮದುವೆ. ಆಟ ಆಡಬಾರದು ಎಂದು ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದೆ. ಆರತಕ್ಷತೆಯ ಸಾಲಿನಲ್ಲಿ ನಿಂತಾಗ ಅವಳ ಫೋನ್ ಗುಂಯ್ ಎಂದಿತು. ಮದುಮಗನ ಪಕ್ಕ ಅವನ ಚಿಕ್ಕಪ್ಪ ಜರಿ ಪೇಟ ಸುತ್ತಿಕೊಂಡು ನಿಂತಿದ್ದರು. ಮನೆಯಲ್ಲಿ ಬೆಳ್ಳುಳ್ಳಿಯೂ ಮುಟ್ಟದ ನಿಷ್ಠಾವಂತರೆಂದು ಅವರಿಗೆ ಹೆಸರು. ಹೆಂಡತಿ ಫೋನ್ ಎತ್ತಿ ಅವರ ಕಡೆ ನೋಡಿ, ತಡೆಯಲಾರದೆ, "ಅಯ್ಯೋ, ನಿಮ್ಮ ಹತ್ರಾನೇ ಇದೆಯಲ್ಲ ಮೂಳೆ" ಎಂದುಬಿಟ್ಟಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಚಿಕ್ಕಪ್ಪ ಮೀಸೆ ಒರೆಸಿಕೊಂಡರು. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿ ಕೇಳಿದರು:

"ತರೀಕೆರೆ ಹೋಟ್ಲಲ್ಲಿ ನೀವೂ ಇದ್ರಾ?"

ರಿಪೋರ್ಟು

ಮೂರು ತಿಂಗಳಾಯಿತು. ಹಿಂದಿನ ರಾತ್ರಿ ನಮ್ಮಿಬ್ಬರಿಗೂ ನಿದ್ದೆ ಇಲ್ಲ. ಅವಳಿಗೆ ಬೆಳಿಗ್ಗೆ ರಕ್ತ ತೆಗೆಯುವ ಸೂಜಿಯ ಭಯ. ನನಗೆ ಆಮೇಲೆ ದಿನಾ ನಾನೇ ಚುಚ್ಚಬೇಕಾಗಿ ಬರುವ ಸೂಜಿಯ ಭಯ. ಅಮ್ಮ ಇಬ್ಬರ ಹಣೆಗೂ ವಿಭೂತಿ ಹಚ್ಚಿ ಕಳಿಸಿದರು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಅವಳು ನನ್ನ ಕೈ ಹಿಡಿದಳು, ನಾನೂ ಗಟ್ಟಿಯಾಗಿ ಹಿಡಿದೆ. ಯಾರು ಯಾರಿಗೆ ಧೈರ್ಯ ಕೊಡುತ್ತಿದ್ದರೋ ಗೊತ್ತಾಗಲಿಲ್ಲ.

ರಕ್ತ ತೆಗೆಯುವ ಕೋಣೆಯಲ್ಲಿ ನರ್ಸಮ್ಮ ಅವಳ ತೋಳಿಗೆ ರಬ್ಬರ್ ಪಟ್ಟಿ ಬಿಗಿದರು. ಹೆಂಡತಿ ಕಣ್ಣಲ್ಲಿ ನೀರು ತುಂಬಿಕೊಂಡು, ಸೂಜಿ ಕಾಣದಿರಲೆಂದು ಇನ್ನೊಂದು ಕೈಯಲ್ಲಿ ಫೋನ್ ತೆಗೆದು ಮುಖಕ್ಕೆ ಅಡ್ಡ ಹಿಡಿದಳು. ಹಿಡಿದವಳು ಹಾಗೇ ಸ್ತಬ್ಧಳಾದಳು. ಔಷಧದ ಮೇಜಿನ ಮೇಲೆ, ಹತ್ತಿಯ ಡಬ್ಬಿಯ ಪಕ್ಕ, ಮೂಳಪ್ಪ ನಿಂತಿದ್ದ. ಅವಳು ಉಸಿರು ಬಿಗಿಹಿಡಿದು ಹೆಬ್ಬೆರಳಲ್ಲೇ ಬಲೆ ಬೀಸಿದಳು. ಅವನು ಮೂಳೆ ಎತ್ತಿದ, ಅವಳು ಇನ್ನೊಂದು ಬಲೆ ಬೀಸಿದಳು. ಆ ಕೈಯಲ್ಲಿ ಈ ಯುದ್ಧ ನಡೆಯುತ್ತಿರುವಾಗ ಈ ಕೈಯಲ್ಲಿ ಸೂಜಿ ಇಳಿದು, ರಕ್ತ ಬಂದು, ಹತ್ತಿ ಒತ್ತಿದ್ದೂ ಆಯಿತು. ಅವಳಿಗೆ ಅದರ ಪರಿವೆಯೇ ಇಲ್ಲ. "ರೀ, ಸಿಕ್ಕಿದ ಕಣ್ರೀ" ಎಂದು ತಿರುಗಿದಳು.

ಆದರೆ ನಾನು ಅಲ್ಲಿರಲಿಲ್ಲ. ಅವಳು ನೋಡದೆ ಇದ್ದ ಸೂಜಿಯನ್ನು ಪೂರ್ತಿ ನೋಡಿದವನು ನಾನು. ಕಣ್ಣು ಕತ್ತಲಿಟ್ಟು ನೆಲದ ಮೇಲೆ ಮಲಗಿದ್ದೆ.

ಎಚ್ಚರವಾದಾಗ ನನ್ನನ್ನು ಮಂಚದ ಮೇಲೆ ಹಾಕಿದ್ದರು. ಬಿದ್ದವರನ್ನು ಸುಮ್ಮನೆ ಬಿಡುವ ಹಾಗಿಲ್ಲವಂತೆ, ಜ್ಞಾನ ಇಲ್ಲದಾಗಲೇ ನನ್ನ ಬೆರಳನ್ನೂ ಚುಚ್ಚಿ, ತೋಳಿನಿಂದಲೂ ರಕ್ತ ತೆಗೆದಿದ್ದರು. ಸ್ವಲ್ಪ ಹೊತ್ತಿಗೆ ಡಾಕ್ಟರು ಎರಡು ರಿಪೋರ್ಟ್ ಹಿಡಿದು ಬಂದರು. ಹೆಂಡತಿಯ ಸಕ್ಕರೆ ಚೆನ್ನಾಗಿ ಇಳಿದಿದೆ, ಇನ್ಸುಲಿನ್ ಬೇಕಿಲ್ಲ, ಅದೇನು ನಡೆಯುತ್ತೀರೋ ಹಾಗೇ ನಡೆಯಿರಿ ಎಂದರು. ನನಗೆ ಆನಂದದಿಂದ ಅಳುವೇ ಬಂತು. ನಾನು ಯಾರನ್ನೂ ಚುಚ್ಚಬೇಕಾಗಿಲ್ಲ.

ಡಾಕ್ಟರು ಎರಡನೆಯ ರಿಪೋರ್ಟ್ ತೆಗೆದರು. ಮೂರು ತಿಂಗಳಿಂದ ನೀವೇನು ಮಾಡುತ್ತಿದ್ದಿರಿ ಎಂದು ನನ್ನನ್ನು ಕೇಳಿದರು. ಸ್ಕೂಟರ್ ಮೇಲೆ ಕೂತಿದ್ದೆ ಎಂದೆ. ಏನು ತಿನ್ನುತ್ತಿದ್ದಿರಿ ಎಂದರು. ಬೆಂಡು ಬತ್ತಾಸು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ನಿಮ್ಮದು ಮಾತ್ರೆಗೆ ಬಗ್ಗುವ ಹಾಗೆ ಕಾಣುವುದಿಲ್ಲ, ಸದ್ಯಕ್ಕೆ ಇನ್ಸುಲಿನ್ ತಗೊಳ್ಳಲೇಬೇಕು ಎಂದರು. ಮಂಚದಿಂದ ಇಳಿಯಲು ನೋಡಿದ ನನ್ನ ಭುಜವನ್ನು ನರ್ಸಮ್ಮ ಹಿಡಿದುಕೊಂಡರು. ಡಾಕ್ಟರು ಹೆಂಡತಿಯ ಕಡೆ ತಿರುಗಿ, ಇವರು ಸೂಜಿ ಕಂಡರೆ ಓಡುವ ಪೈಕಿ, ದಿನಾ ಚುಚ್ಚುವುದಕ್ಕೆ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು.

ಹೆಂಡತಿ ಫೋನನ್ನು ಬ್ಯಾಗಿಗೆ ಹಾಕಿ, ಸೆರಗು ಸಿಕ್ಕಿಸಿಕೊಂಡಳು.

"ನಾನಿದ್ದೀನಿ ಡಾಕ್ಟ್ರೇ. ಮೂಳಪ್ಪನ್ನೇ ಬಿಡ್ಲಿಲ್ಲ, ಇವರನ್ನ ಬಿಡ್ತೀನಾ?"