ಮೊಸರನ್ನು ಕೆಟ್ಟ ಹಾಲೆಂದ ಮಾದರಿ ಉತ್ತರದವರಿಗೆ

ಇವರಿಗೆ: ಹತ್ತನೇ ತರಗತಿಯ ಕನ್ನಡ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಇಪ್ಪತ್ತೇಳನೇ ಪ್ರಶ್ನೆಯ ನಾಲ್ಕೂ ಅಂಕಗಳನ್ನು ಆಳುತ್ತಿರುವ ಶ್ರೀಮಾನ್ ಮಾದರಿ ಉತ್ತರದವರು.

ಮಾನ್ಯರೇ,

ಅಂತರಸಂತೆಯಿಂದ ಆಚೆ, ಕಾಡಂಚಿನ ಊರಿನಲ್ಲಿ ಎರಡು ಎಮ್ಮೆ ಕಟ್ಟಿಕೊಂಡು ಬದುಕಿರುವ ಬೆಟ್ಟಸ್ವಾಮಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಅಚ್ಚಾದ ಹಾಳೆಯಲ್ಲಿ ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮ್ಮನ್ನು ಬರೆದವರ ಹೆಸರು ಎಲ್ಲಿಯೂ ಕಾಣದ ಕಾರಣ, ತಾವು ಉದ್ಭವಲಿಂಗದ ಹಾಗೆ ತಾವಾಗಿಯೇ ಮೂಡಿ ಬಂದವರೆಂದು ತಿಳಿದು ನೇರವಾಗಿ ತಮಗೇ ಬರೆಯುತ್ತಿದ್ದೇನೆ.

ನನ್ನ ಮೊಮ್ಮಗಳು ಚೈತ್ರಳಿಗೆ ತಾವು ಸೊನ್ನೆ ದಯಪಾಲಿಸಿದ್ದೀರಿ. ಪ್ರಶ್ನೆಪತ್ರಿಕೆಯಲ್ಲಿ ತಾಯ್ನುಡಿಯ ಮೇಲಿನ ಪದ್ಯದ ಎರಡು ಸಾಲು ಕೊಟ್ಟು ಕವಿಯ ಆಶಯ ವಿವರಿಸಲು ಹೇಳಿದ್ದರು. ‘ನೆರೆಮನೆಯ ಹೆಪ್ಪು ಒಂದು ಹನಿ ನಮ್ಮ ಹಾಲಿಗೆ ಬಿತ್ತು, ಬೆಳಗೆದ್ದು ನೋಡಿದರೆ ಗಡಿಗೆ ತುಂಬ ನಮ್ಮ ನುಡಿ’ ಎಂಬವೇ ಆ ಸಾಲುಗಳು. ತಾವು ಕೊಟ್ಟ ವಿವರಣೆ ಹೀಗಿದೆ: ಹಾಲು ಎಂದರೆ ಪರಿಶುದ್ಧ ಕನ್ನಡ, ಹೆಪ್ಪು ಎಂದರೆ ಪರಭಾಷೆ, ಒಂದು ಹನಿ ಹುಳಿ ಬಿದ್ದು ಗಡಿಗೆಯ ಹಾಲೆಲ್ಲ ಕೆಟ್ಟಂತೆ ಪರಭಾಷೆ ಸೇರಿ ನಮ್ಮ ಸಂಸ್ಕೃತಿ ಕೆಟ್ಟಿತಲ್ಲಾ ಎಂದು ಕವಿ ಮರುಗಿದ್ದಾರೆ.

ಸ್ವಾಮೀ, ಓದಿದಾಗ ಮೈ ಜುಮ್ಮೆಂದಿತು. ಅರವತ್ತೆಂಟು ವರ್ಷದಿಂದ ಮೂರು ಹೊತ್ತೂ ಕೆಟ್ಟ ಹಾಲನ್ನೇ ಅನ್ನಕ್ಕೆ ಕಲಸಿಕೊಂಡು ಉಂಡಿದ್ದೇನಲ್ಲ, ಹೇಗೆ ಬದುಕಿದ್ದೇನೆಂಬುದೇ ಆಶ್ಚರ್ಯ. ತಮ್ಮ ಮನೆಯಲ್ಲಿ ಮೊಸರು ಪ್ಯಾಕೆಟ್ಟಿನಲ್ಲಿಯೇ ಜನ್ಮ ತಾಳುವುದರಿಂದ ಅದರ ಹಿಂದುಮುಂದು ತಮಗೆ ತಿಳಿಯದಿದ್ದರೆ ಅದು ತಮ್ಮ ಪೂರ್ವಜನ್ಮದ ಪುಣ್ಯ. ನಮಗೆ ಆ ಭಾಗ್ಯವಿಲ್ಲ. ಎಮ್ಮೆ ಬತ್ತಿ ಮನೆಯ ಹೆಪ್ಪು ತಪ್ಪಿದಾಗ ನನ್ನ ಹೆಂಡತಿ ಪ್ರೇಮಮ್ಮ ಲೋಟ ಹಿಡಿದು ಪಕ್ಕದ ಕುಳ್ಳಯ್ಯನ ಮನೆಗೆ ಹೋಗುತ್ತಾಳೆ. ಅವರ ಮನೆಯದು ತಪ್ಪಿದಾಗ ಅವರು ಇಲ್ಲಿಗೆ ಬರುತ್ತಾರೆ. ದೀಪ ಹಚ್ಚಿದ ಮೇಲೆ ಹೆಪ್ಪು ಹೊರಗೆ ಕೊಡಬಾರದೆಂಬ ನೇಮ ನಮ್ಮಲ್ಲಿದೆ, ಆದರೆ ನೆರೆಯವರು ಬಾಗಿಲಲ್ಲಿ ನಿಂತರೆ ಪ್ರೇಮಮ್ಮ ದೀಪದ ಕಡೆಗೆ ಬೆನ್ನು ಮಾಡಿ ಕೊಟ್ಟುಬಿಡುತ್ತಾಳೆ. ನಲವತ್ತು ವರ್ಷ ಹೀಗೆ ಹೋಗಿ ಬಂದು, ಈಗ ನಮ್ಮ ಗಡಿಗೆಯಲ್ಲಿರುವುದು ಯಾರ ಮನೆಯ ಮೊಸರೆಂದು ಹೇಳುವವರಿಲ್ಲ. ತಾವು ದೊಡ್ಡ ಮನಸ್ಸು ಮಾಡಿ ಒಂದು ಆಯೋಗ ನೇಮಿಸಿ, ಕುಳ್ಳಯ್ಯನ ಮೊಸರನ್ನು ನಮ್ಮದರಿಂದ ಬೇರ್ಪಡಿಸಿಕೊಡಬೇಕಾಗಿ ಬೇಡಿಕೊಳ್ಳುತ್ತೇನೆ. ಕಡೆಯುವ ಮೊದಲೇ ಬಂದರೆ ಅನುಕೂಲ.

ಚೈತ್ರ ಬರೆದದ್ದು ಇಷ್ಟೇ: ಹೆಪ್ಪು ಪಕ್ಕದ ಮನೆಯದಾದರೂ ಹಾಲು ನಮ್ಮದು, ಬೆಳಗಾಗುವಷ್ಟರಲ್ಲಿ ಮೊಸರೂ ನಮ್ಮದೇ ಆಗುತ್ತದೆ, ಭಾಷೆ ಬೆಳೆಯುವುದೂ ಹೀಗೆಯೇ. ಕನ್ನಡದ ಮೇಷ್ಟ್ರು ಗೋವಿಂದಯ್ಯನವರು ಇದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಸೊನ್ನೆ ಹಾಕಿದರಂತೆ. ‘ನೀ ಬರ್ದಿರೋದೇ ಸರಿ ಕಣವ್ವ, ಆದ್ರೆ ಕೀ ಆನ್ಸರ್ ಹಂಗಿಲ್ವಲ್ಲ’ ಎಂದು ಹೇಳಿ, ಮಾದರಿ ಉತ್ತರವಾದ ತಮ್ಮನ್ನು ಹತ್ತು ಸಲ ಬರೆದುಕೊಂಡು ಬರಲು ತಿಳಿಸಿದರಂತೆ. ದೊಡ್ಡ ಪರೀಕ್ಷೆಗೂ ಅದೇ ಪದ್ಯ ಬರುವುದು ಖಂಡಿತವಂತೆ. ಕನ್ನಡದಲ್ಲಿ ಶಾಲೆಗೇ ಮೊದಲು ಬರಬೇಕೆಂಬುದು ಈ ಹುಡುಗಿಯ ಹಟ.

ಇಲ್ಲಿಯವರೆಗಿನದು ತಮಾಷೆಯೆಂದೇ ಇಟ್ಟುಕೊಳ್ಳೋಣ. ಇನ್ನು ಮುಂದಿನದು ನನ್ನ ಸೊಸೆ ಶೀಜಾಳ ವಿಚಾರ. ಇವಳು ಬಾವಲಿ ಗಡಿಯ ಆಚೆ, ಕೇರಳದ ಮಾನಂದವಾಡಿ ಕಡೆಯವಳು. ಇವಳಪ್ಪ ಶುಂಠಿ ಬೆಳೆಯಲು ನಮ್ಮೂರ ಹೊಲ ಗುತ್ತಿಗೆ ಹಿಡಿದಿದ್ದಾಗ ಬುತ್ತಿ ತರುತ್ತಿದ್ದವಳು, ನನ್ನ ಮಗ ಪ್ರಭುಸ್ವಾಮಿಯ ಕೈಹಿಡಿದು ಇಲ್ಲಿಯೇ ಉಳಿದಳು. ಈಗ ಇವಳ ಕನ್ನಡಕ್ಕೆ ನನ್ನ ಕನ್ನಡ ಸೋಲುತ್ತದೆ. ಎಮ್ಮೆಗೆ ಬೈಯುವಾಗ ಮಾತ್ರ ಮಲಯಾಳ, ಎಮ್ಮೆ ಎರಡು ಭಾಷೆಗೂ ಸಮನಾಗಿ ಕಿವಿಗೊಡುವುದಿಲ್ಲ. ಓದುವುದನ್ನು ಕಲಿತದ್ದು ಮಗಳ ಒಂದನೇ ತರಗತಿಯ ಪುಸ್ತಕದಲ್ಲಿ, ಮಗಳ ಜೊತೆಗೇ ಕುಳಿತು.

ಚೈತ್ರ ತಮ್ಮನ್ನು ಮೂರನೇ ಸಲ ಬರೆಯುತ್ತಿದ್ದಾಗ ಅವಳಮ್ಮ ಅಕ್ಷರ ಕೂಡಿಸಿಕೊಂಡು ಪೂರ್ತಿ ಓದಿದಳು. ಆಮೇಲೆ ನನ್ನ ಕಡೆ ತಿರುಗಿ, ‘ಮಾವ, ನಾನು ಬಂದ್ಮೇಲೆ ಈ ಮನೆ ಕೆಟ್ಟೋಯ್ತಾ?’ ಎಂದು ಕೇಳಿದಳು.

ಒಲೆಯ ಮುಂದಿದ್ದ ಪ್ರೇಮಮ್ಮನೇ ಉತ್ತರ ಕೊಟ್ಟಳು. ‘ಈ ಮನೆ ಕೆಟ್ಟಿದ್ದು ನಿಮ್ಮಾವ ಜಗಲಿ ಮೇಲೆ ಕಥೆ ಹೊಡ್ಕಂಡು ಕೂತಿದ್ರಿಂದ ಕಣವ್ವ, ನಿನ್ನಿಂದಲ್ಲ. ಬಾ, ಮುದ್ದೆ ಕಟ್ಟು.’ ಶೀಜಾ ನಕ್ಕಳು. ಆದರೆ ಮುದ್ದೆ ಕಟ್ಟುವಾಗ ಸೆರಗಿನಲ್ಲಿ ಒಂದು ಸಲ ಕಣ್ಣೊರೆಸಿಕೊಂಡದ್ದನ್ನು ಮಗಳು ನೋಡಿದಳು.

ಒಂದು ಹನಿಯೂ ಹುಳಿ ಸೋಕದ ತಮ್ಮ ಕನ್ನಡಕ್ಕೆ ಇಷ್ಟು ದೂರ ಬಂದು ಒಬ್ಬ ಹೆಣ್ಣುಮಗಳನ್ನು ಅವಳ ಅಡುಗೆಮನೆಯಲ್ಲಿಯೇ ಪರಕೀಯಳನ್ನಾಗಿ ಮಾಡುವ ಶಕ್ತಿಯಿದೆ ಎಂಬುದನ್ನು ಕಂಡು ದಂಗಾಗಿದ್ದೇನೆ. ತಮಗೆ ಸನ್ಮಾನ ಮಾಡಲು ನಮ್ಮ ಮನೆಗೆ ಕರೆಯಬೇಕೆಂದಿದ್ದೇನೆ. ಬಂದವರು ಶೀಜಾಳ ಮುಂದೆ ಕುಳಿತು ತಮ್ಮ ನಾಲ್ಕು ಅಂಕದ ವಿವರಣೆಯನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಬೇಕು. ಬಡಿಸುವುದೂ ಅವಳೇ.

ಒಂದು ನಾಚಿಕೆಯ ಸಂಗತಿ ಬಾಕಿಯಿದೆ. ದೊಡ್ಡ ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ ಎಂದು ಚೈತ್ರ ಕೇಳಿದಾಗ, ಇಷ್ಟೆಲ್ಲ ಬರೆದ ನಾನೇ ತಮ್ಮನ್ನೇ ಬರೆದುಬಿಡು, ಅಂಕ ಮುಖ್ಯ ಎಂದೆ. ಅವಳು ನೋಟುಪುಸ್ತಕ ಮುಚ್ಚಿದಳು. ‘ಬುಡು ತಾತ, ನಾಕು ಮಾರ್ಕ್ಸಿಗೆ ನಮ್ಮವ್ವನ್ನ ಬುಟ್ಕೊಡಕ್ಕಾಯ್ತದಾ?’

ತಮ್ಮ ವಿಶ್ವಾಸಿ,
ಬೆಟ್ಟಸ್ವಾಮಿ

ವಿ.ಸೂ.: ಹತ್ತು ಸಲ ಬರೆಯಬೇಕಿದ್ದ ತಮ್ಮನ್ನು ಅವಳು ಮೂರನೆಯದರ ಅರ್ಧಕ್ಕೇ ಕೈಬಿಟ್ಟಿದ್ದಾಳೆ. ಉಳಿದ ಏಳೂವರೆ ಸಲವನ್ನು ತಾವೇ ಬರೆದುಕೊಳ್ಳತಕ್ಕದ್ದು. ಈ ಪತ್ರ ತಮ್ಮ ಜೊತೆ ತಾಳೆಯಾಗುವುದಿಲ್ಲವಾದ್ದರಿಂದ ಇದಕ್ಕೂ ಸೊನ್ನೆಯೇ ಎಂದು ಬಲ್ಲೆ. ಅದನ್ನು ಮೊಮ್ಮಗಳ ಸೊನ್ನೆಯ ಪಕ್ಕದಲ್ಲಿಯೇ ಹಾಕಿ, ಅಲ್ಲಿ ಕೂರುವುದು ನನಗೆ ಹೆಮ್ಮೆ.