ಫ್ಯಾನಿನ ಬದಲು ಒಳ್ಳೆ ಮಾತು

ಶಾಲೆ ಚೀಲ ಹೊಲಿಯುವ ಕಾರ್ಖಾನೆಯ ಹನ್ನೆರಡು ಹೆಂಗಸರು ಕೇಳಿದ್ದು ಒಂದು ಫ್ಯಾನು. ಮಾಲೀಕ ಮಂಜೂರು ಮಾಡಿದ್ದು ಒಳ್ಳೆಯ ಮಾತು.

“ಯಾವುದೋ ಭಾಷಣದಲ್ಲಿ ಕೇಳ್ದೆ ಕಣಯ್ಯ. ಬೆನ್ನು ತಟ್ಟಿದ್ರೆ ಆಳು ಒಂದೂವರೆ ಪಟ್ಟು ದುಡೀತಾನಂತೆ. ಕರೆಂಟೂ ಉಳೀತು!” ಎಂದು ಸೂಪರ್‌ವೈಸರಿಗೆ ಅಪ್ಪಣೆ ಕೊಟ್ಟ. “ಸಂಜೆಗೆ ಮುನ್ನೂರು ಚೀಲ ಹೊರಡ್ಬೇಕು. ಇಲ್ದಿದ್ರೆ ನಾಳೆ ಆ ಕುರ್ಚಿ ನಿಂದಲ್ಲ.”

ಸೂಪರ್‌ವೈಸರ್ ದಡಬಡನೆ ಮಿಷನ್ನುಗಳ ಕಡೆ ನಡೆದ. ಹದಿನಾರು ವರ್ಷ ಮಿಷನ್ ತುಳಿದು ಸೊಂಟ ಬಿದ್ದ ಮೇಲೆ ದಕ್ಕಿದ ಕುರ್ಚಿ ಅದು. ಅದರಲ್ಲಿ ಕೂತ ಮೇಲೆ ಬೈಗುಳ ಬಿಟ್ಟು ಬೇರೇನೂ ಆಡಿದವನಲ್ಲ. ಹೆಂಗಸರು ಅವನಿಗಿಟ್ಟ ಹೆಸರೇ ಸಿಡುಕಪ್ಪ. ಅಂಥವನ ಬಾಯಲ್ಲಿ ಒಳ್ಳೆ ಮಾತೆಂದರೆ ಹಾಗಲ ಬಳ್ಳಿಯಲ್ಲಿ ದ್ರಾಕ್ಷಿ ಹುಡುಕಿದಂತೆ.

ಅಂತೂ ಮೊದಲ ಮಿಷನ್ನಿನವಳ ಕಿವಿಯ ಬಳಿ ಬಗ್ಗಿ ಗುಟ್ಟಾಗಿ ಹೇಳಿದ: “ನಿನ್ನಂಥ ಕೈ ಈ ಕಾರ್ಖಾನೇಲೇ ಇಲ್ಲಮ್ಮ.”

ಅವಳ ಸೂಜಿ ಮುರಿಯಿತು. “ಅಣ್ಣಾ, ನನ್ನ ಕೆಲಸದಿಂದ ತೆಗೀತಿದೀರಾ?” ಎಂದು ಗೋಳೋ ಎಂದಳು.

ಎರಡನೆಯವಳು ಅವನ ಹಣೆ ಮುಟ್ಟಿ, “ಜ್ವರ ಇಲ್ವಲ್ಲ!” ಎಂದಳು. ಜಿಪ್ ಕೂರಿಸುವವಳಂತೂ ಕತ್ತರಿಯನ್ನೇ ಎತ್ತಿದಳು. “ನಮ್ಮತ್ತೆ ಪಕ್ಕದ ಮಿಷನ್ನಲ್ಲೇ ಕೂತಿದಾರೆ, ಗೊತ್ತಲ್ಲ?”

ಪಾಪ, ಆ ಅತ್ತೆಗೂ ಅವನು ಅದೇ ಮಾತು ಹೇಳಬೇಕಿತ್ತು. ಬೇರೆ ಒಳ್ಳೆ ಮಾತು ಅವನಿಗೆ ಬರುತ್ತಿರಲಿಲ್ಲ.

ಮಧ್ಯಾಹ್ನ ಊಟದ ಡಬ್ಬಿಗಳ ಜೊತೆ ಗುಟ್ಟುಗಳೂ ಬಿಚ್ಚಿಕೊಂಡವು. ಗಂಟೆ ಹೊಡೆದರೂ ಒಬ್ಬಳೂ ಮಿಷನ್ ಮುಟ್ಟಲಿಲ್ಲ.

“ಹನ್ನೆರಡು ಜನಕ್ಕೂ ಒಂದೇ ಮಾತಾ? ನಿಜ ಹೇಳಪ್ಪಾ, ಯಾರ ಕೈ ಮೇಲು?” ಎಂದು ಅತ್ತೆ ಸೊಂಟಕ್ಕೆ ಕೈಯಿಟ್ಟು ಕೇಳಿದಳು.

ಒಬ್ಬಳ ಕಡೆ ಬೆರಳು ಮಾಡಿದರೆ ಹನ್ನೊಂದು ಕತ್ತರಿ! “ಎಲ್ಲ... ಎಲ್ಲರದೂ ಮೇಲೇ ಅಮ್ಮಾ!”

“ಹಾಗಾದ್ರೆ ನಮ್ಮ ಕಿವೀಲಿ ಪಿಸುಗುಟ್ಟೋದು ಯಾಕೆ? ಯಜಮಾನ್ರ ಮುಂದೆ ಹೇಳು. ಇಂಥ ಕೈಗಳಿಗೆ ಒಂದು ಫ್ಯಾನ್ ಕೊಡಿ ಅಂತ ಕೇಳು.”

“ಹೇಳ್ತೀನಮ್ಮ, ಆಣೆ! ಮೊದಲು ಚೀಲ ಮುಗ್ಸಿ.”

ಆಮೇಲೆ ಮಿಷನ್ನುಗಳು ಕಡಲೆ ಹುರಿದಂತೆ ಸದ್ದು ಮಾಡಿದವು. ನಾಲ್ಕಕ್ಕೇ ಮುನ್ನೂರು ಚೀಲ! ಕುರ್ಚಿ ಉಳಿಯಿತೆಂದು ಸಿಡುಕಪ್ಪ ಉಸಿರು ಬಿಡುವಷ್ಟರಲ್ಲಿ, ನೆರೆಯ ನೀರು ದಿಮ್ಮಿಯನ್ನು ಒಯ್ದಂತೆ ಹೆಂಗಸರು ಅವನನ್ನು ಮಾಲೀಕನ ತಣ್ಣನೆಯ ಕೋಣೆಗೆ ಒಯ್ದರು.

“ಸಾರ್, ಇವರ ಕೈಗೆ ಸಾಟಿ ಇಲ್ಲ. ನಾನು ಒಂದು ಸಲಾನೂ ಬಯ್ಯದೇನೇ ಮುಗಿಸಿದಾರೆ. ಒಂದು ಫ್ಯಾನು...”

“ಬಯ್ಯದೇನೇ ಮುಗೀತಾ?” ಮಾಲೀಕನ ಮುಖ ಅರಳಿತು. “ಹಾಗಾದ್ರೆ ಬಯ್ಯೋಕೆ ಅಂತ ಒಬ್ಬ ಯಾಕಯ್ಯ? ಮೂಲೆ ಮಿಷನ್ ಖಾಲಿ ಇದೆ, ನಾಳೆಯಿಂದ ಕೂತ್ಕೋ.” ಎದ್ದು ಬಂದು ಬೆನ್ನನ್ನೂ ತಟ್ಟಿದ.

“ಫ್ಯಾನು?” ಎಂದಳು ಅತ್ತೆ.

“ಇಷ್ಟು ಚುರುಕಾಗಿರೋರಿಗೆ ಫ್ಯಾನ್ ಯಾಕಮ್ಮ? ಇನ್ನೆರಡು ಒಳ್ಳೆ ಮಾತು ಬೇಕಿದ್ರೆ ಕೇಳಿ.”

ಸಿಡುಕಪ್ಪನಿಗೆ ಬೈಗುಳ ಗಂಟಲವರೆಗೂ ಬಂತು. ಆದರೆ ಬೆಳಗಿನಿಂದ ಹೊಗಳಿ ಹೊಗಳಿ ಹದಗೆಟ್ಟಿದ್ದ ನಾಲಿಗೆ ಮಾತು ಕೇಳಬೇಕಲ್ಲ! “ನಿಮ್ಮಂಥ ಧಣಿ ಲೋಕದಲ್ಲೇ ಇನ್ನೊಬ್ಬರಿಲ್ಲ ಸಾರ್!”

“ಪುಣ್ಯ ಕಣಪ್ಪಾ,” ಎಂದಳು ಅತ್ತೆ. “ಇನ್ನೊಬ್ಬರಿದ್ದಿದ್ರೆ ನಾವು ಉಳೀತಿದ್ವಾ?”